ಎರ್ಲಾಂಗನ್‌ಗೆ ಹೋದವರು ಬಿಯರ್ ಎಲ್ಲಿ ಕುಡಿಯಬೇಕು?

ಪ್ರಶ್ನೆ: ಜೂನ್‌ನಲ್ಲಿ ಆಫೀಸ್ ಕೆಲಸದ ಮೇಲೆ ಬೆಂಗಳೂರಿನಿಂದ ಜರ್ಮನಿಯ ಎರ್ಲಾಂಗನ್‌ಗೆ ಹೋಗುತ್ತಿದ್ದೇನೆ. ಎರಡು ವಾರಾಂತ್ಯ, ಜೊತೆಗೆ ಕೆಲವು ಸಂಜೆಗಳು ಬಿಡುವು. ಹಿಂದೊಮ್ಮೆ ಮ್ಯೂನಿಕ್‌ನಲ್ಲಿ ರೇಟಿಂಗ್ ನೋಡಿಕೊಂಡು ಹೋದ ಕಡೆಯೆಲ್ಲ ಪ್ರವಾಸಿಗರೇ ತುಂಬಿದ್ದರು. ಅಲ್ಲಿನ ಜನ ಕುಡಿಯುವ ಜಾಗ ಹುಡುಕುವುದು ಹೇಗೆ? ನನಗೆ ಜರ್ಮನ್ ಬರುವುದಿಲ್ಲ. ಜೊತೆಗೆ ಬರುವ ಸಹೋದ್ಯೋಗಿ ಸಸ್ಯಾಹಾರಿ. ವಾಪಸ್ ಬರುವಾಗ ಕೆಲವು ಬಾಟಲಿ ತರಬಹುದಾ?

ಉತ್ತರ: ನಿಮ್ಮ ಆಫೀಸು ಎರ್ಲಾಂಗನ್‌ನಲ್ಲಿ ಇರುವುದೇ ಅರ್ಧ ಉತ್ತರ. ಬಿಯರ್ ಕುಡಿಯಲೆಂದೇ ಜರ್ಮನಿಗೆ ಹೋಗುವವರು ಕೊನೆಗೆ ಬಂದು ನಿಲ್ಲುವುದು ಇದೇ ಪ್ರದೇಶಕ್ಕೆ. ಇದರ ಹೆಸರು ಫ್ರಾಂಕೋನಿಯಾ. ಬವೇರಿಯಾ ರಾಜ್ಯದ ಉತ್ತರ ಭಾಗ. ಇಡೀ ಜರ್ಮನಿಯಲ್ಲಿ 1,400ಕ್ಕೂ ಹೆಚ್ಚು ಬ್ರೂವರಿಗಳಿವೆ, ಅದರಲ್ಲಿ ಸುಮಾರು 600 ಬವೇರಿಯಾ ಒಂದರಲ್ಲೇ. ಎರ್ಲಾಂಗನ್‌ಗೆ ಉತ್ತರಕ್ಕಿರುವ ಮೇಲ್ ಫ್ರಾಂಕೋನಿಯಾ ಜಿಲ್ಲೆಗಳಲ್ಲಿ ಜನಸಂಖ್ಯೆಗೆ ಹೋಲಿಸಿದರೆ ಬ್ರೂವರಿಗಳ ಸಾಂದ್ರತೆ ಪ್ರಪಂಚದಲ್ಲೇ ಜಾಸ್ತಿ. ಕೆಲವು ನೂರು ಜನರಿರುವ ಹಳ್ಳಿಯಲ್ಲೂ ಚರ್ಚಿನ ಪಕ್ಕ ಒಂದು ಬ್ರೂವರಿ, ಅದಕ್ಕೆ ಅಂಟಿಕೊಂಡು ಒಂದು ಊಟದ ಮನೆ ಇರುತ್ತದೆ.

ಹಾಗಾಗಿ ಮೊದಲ ಮಾತು ಇದು: ಬಾರ್ ಹುಡುಕಬೇಡಿ, ಬಿಯರ್ ತಯಾರಾಗುವ ಊರು ಹುಡುಕಿ. ಅಲ್ಲಿಗೆ ಹೋಗಿ, ತಯಾರಾದ ಜಾಗದಲ್ಲೇ ಕುಡಿಯಿರಿ. ಇಲ್ಲಿನ ಸಣ್ಣ ಬ್ರೂವರಿಗಳು ತಮ್ಮ ಊಟದ ಮನೆಗೆ, ಸುತ್ತಲಿನ ನಾಲ್ಕಾರು ಹಳ್ಳಿಗಳಿಗೆ ಸಾಕಾಗುವಷ್ಟು ಮಾತ್ರ ತಯಾರಿಸುತ್ತವೆ. ಬಿಯರನ್ನು ಸೋಸುವುದಿಲ್ಲ, ಪಾಶ್ಚರೀಕರಣ ಮಾಡುವುದಿಲ್ಲ. ಅಂಥ ಬಿಯರ್ ದೂರ ಹೋದರೆ ಕೆಡುತ್ತದೆ. ಮ್ಯೂನಿಕ್‌ನಲ್ಲೇ ಸಿಗುವುದಿಲ್ಲ, ಇನ್ನು ಬೆಂಗಳೂರಿಗೆ ಎಲ್ಲಿಂದ ಬರಬೇಕು? ಬೆಂಗಳೂರಿನ ಬ್ರೂಪಬ್‌ಗಳಲ್ಲಿ ಹೆಫೆವೈಟ್ಸೆನ್ ಕುಡಿದು ಅಭ್ಯಾಸ ಇದ್ದವರಿಗೆ ಜರ್ಮನ್ ಬಿಯರ್ ಅಂದರೆ ಗೋಧಿ ಬಿಯರ್ ಅನ್ನಿಸಿಬಿಟ್ಟಿರುತ್ತದೆ. ಫ್ರಾಂಕೋನಿಯಾದಲ್ಲಿ ಅದು ಪಕ್ಕಕ್ಕೆ ಸರಿಯುತ್ತದೆ. ಇಲ್ಲಿನ ದಿನನಿತ್ಯದ ಬಿಯರ್ ಅಂದರೆ ಸ್ವಲ್ಪ ಮಬ್ಬಾದ, ತಾಮ್ರದ ಬಣ್ಣದ, ಗ್ಯಾಸ್ ಕಡಿಮೆ ಇರುವ ಲಾಗರ್. ಕೆಲ್ಲರ್‌ಬಿಯರ್ ಅಂತಲೋ, ಲಾಂಡ್‌ಬಿಯರ್ ಅಂತಲೋ, ಇಲ್ಲ ಸುಮ್ನೆ ಲಾಗರ್ ಅಂತಲೋ ಬರೆದಿರುತ್ತಾರೆ. ಅದನ್ನೇ ಕೇಳಿ.

ರೇಟಿಂಗ್ ನಂಬಿಕೊಂಡು ಹೋದಾಗ ಯಾಕೆ ಪ್ರವಾಸಿಗರೇ ಸಿಗುತ್ತಾರೆ ಅಂದರೆ, ರೇಟಿಂಗ್ ಬರೆಯುವವರೇ ಪ್ರವಾಸಿಗರು. ಹಳ್ಳಿಯ ಊಟದ ಮನೆಗೆ ವಾರಕ್ಕೆ ನಾಲ್ಕು ದಿನ ಹೋಗುವ ಅಜ್ಜ ಎಲ್ಲೂ ನಕ್ಷತ್ರ ಕೊಡುವುದಿಲ್ಲ. ನಕ್ಷತ್ರ ಬಿಟ್ಟು ಬೇರೆ ಗುರುತು ನೋಡಿ. ಹೊರಗಿನ ಬೋರ್ಡಿನಲ್ಲಿ ಬ್ರೌಎರೈ-ಗಾಸ್ಟ್‌ಹೋಫ್ (ಬ್ರೂವರಿಯೂ ಊಟದ ಮನೆಯೂ) ಅಂತ ಇದ್ದು, ಅದೇ ಹೆಸರಿನ ಬಿಯರನ್ನೇ ಒಳಗೆ ಕೊಡುತ್ತಿದ್ದರೆ ನೀವು ಸರಿಯಾದ ಕಡೆ ಬಂದಿದ್ದೀರಿ. ಬಿಯರ್ ಪಟ್ಟಿ ಚಿಕ್ಕದಾಗಿರಬೇಕು, ಎರಡೋ ಮೂರೋ. ಇಪ್ಪತ್ತು ಬಗೆಯ ಬಿಯರ್, ಆರು ಭಾಷೆಯ ಮೆನು, ಊಟದ ಫೋಟೋ ಹಾಕಿದ ಫಲಕ ಕಂಡರೆ ಮುಂದೆ ನಡೆಯಿರಿ. ವಾರಕ್ಕೊಂದು ದಿನವೋ ಎರಡು ದಿನವೋ ರಜೆ ಇರುವ ಜಾಗ ಸಾಮಾನ್ಯವಾಗಿ ಮನೆಯವರೇ ನಡೆಸುವ ಜಾಗ, ಅದೂ ಒಳ್ಳೆಯ ಲಕ್ಷಣವೇ. ಸಂಜೆ ಐದಕ್ಕೇ ವಯಸ್ಸಾದವರು ಗುಂಪಾಗಿ ಕೂತು ಕಾರ್ಡ್ಸ್ ಆಡುತ್ತಿದ್ದರೆ ಇನ್ನೇನೂ ನೋಡಬೇಕಾಗಿಲ್ಲ, ಒಳಗೆ ಹೋಗಿ.

ಈಗ ನಿಮ್ಮ ಊರಿನಿಂದಲೇ ಶುರು ಮಾಡೋಣ. ಎರ್ಲಾಂಗನ್‌ನ ಉತ್ತರದ ಅಂಚಿನಲ್ಲಿ ಬುರ್ಗ್‌ಬೆರ್ಗ್ ಅಂತ ಒಂದು ಗುಡ್ಡ ಇದೆ. ಅದರ ಹೊಟ್ಟೆಯೊಳಗೆ ಹಳೆಯ ಕಾಲದಲ್ಲಿ ಬಿಯರ್ ತಣ್ಣಗಿಡಲು ಕೊರೆದ ನೆಲಮಾಳಿಗೆಗಳಿವೆ, ಮೇಲೆ ಮರಗಳ ಕೆಳಗೆ ಬೆಂಚುಗಳು. ಇದೇ ಗುಡ್ಡದಲ್ಲಿ 1755ರಿಂದ ಬೆರ್ಗ್‌ಕಿರ್ಖ್‌ವೈ ಅನ್ನುವ ಜಾತ್ರೆ ನಡೆಯುತ್ತಾ ಬಂದಿದೆ. ಕ್ರೈಸ್ತರ ಪೆಂಟೆಕೋಸ್ಟ್ ಹಬ್ಬದ ಹಿಂದಿನ ಗುರುವಾರ ಶುರುವಾಗಿ 12 ದಿನ. ಆ ಹಬ್ಬದ ದಿನಾಂಕ ಪ್ರತಿವರ್ಷ ಬದಲಾಗುತ್ತದೆ, ಹಾಗಾಗಿ ಮೇ ಕೊನೆಯೋ ಜೂನ್ ಮೊದಲೋ ಅಂತ ಹೋಗುವ ಮುಂಚೆ ಕ್ಯಾಲೆಂಡರ್ ನೋಡಿಕೊಳ್ಳಿ. ನಿಮ್ಮ ದಿನಗಳಿಗೆ ಸಿಕ್ಕಿದರೆ ಬಿಡಬೇಡಿ, ಆದರೆ ವಾರಾಂತ್ಯದ ರಾತ್ರಿ ಹೋಗಬೇಡಿ, ಕಾಲಿಡಲು ಜಾಗ ಇರುವುದಿಲ್ಲ. ವಾರದ ನಡುವಿನ ಮಧ್ಯಾಹ್ನ ಹೋದರೆ ಊರಿನ ಕುಟುಂಬಗಳು ಮಕ್ಕಳ ಜೊತೆ ಕೂತಿರುತ್ತವೆ. ಜಾತ್ರೆ ಮುಗಿದಿದ್ದರೂ ಚಿಂತೆ ಇಲ್ಲ, ಎಂಟ್ಲಾಸ್ ಕೆಲ್ಲರ್ ಅನ್ನುವ ಜಾಗ ಬೇಸಿಗೆಯಲ್ಲಿ ನಡೆಯುತ್ತಿರುತ್ತದೆ. ಆಫೀಸ್ ಮುಗಿಸಿ ನಡೆದೇ ಹೋಗಬಹುದು.

ಈ ಕೆಲ್ಲರ್ ಅನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು, ಯಾಕೆಂದರೆ ನಿಮ್ಮ ಜೂನ್ ತಿಂಗಳ ಸಂಜೆಗಳೆಲ್ಲ ಇದರಲ್ಲೇ ಕಳೆಯಬೇಕು ಅನ್ನುವುದು ನನ್ನ ಆಸೆ. ಲಾಗರ್ ಬಿಯರಿಗೆ ಹುದುಗಲು ಚಳಿ ಬೇಕು, ಆಮೇಲೆ ವಾರಗಟ್ಟಲೆ ತಣ್ಣಗೆ ಮಲಗಬೇಕು. ಬೇಸಿಗೆಯಲ್ಲಿ ತಯಾರಿಸಿದ ಬಿಯರ್ ಹುಳಿಯಾಗುತ್ತಿತ್ತು. ಅದಕ್ಕೆ 1553ರಲ್ಲಿ ಬವೇರಿಯಾದ ಆಳರಸ ಏಪ್ರಿಲ್ 23ರಿಂದ ಸೆಪ್ಟೆಂಬರ್ 29ರವರೆಗೆ ಬಿಯರ್ ತಯಾರಿಸುವುದನ್ನೇ ನಿಷೇಧಿಸಿದ. ಅಂದರೆ ಮಾರ್ಚ್‌ನಲ್ಲಿ ಮಾಡಿದ್ದು ಶರತ್ಕಾಲದವರೆಗೆ ಉಳಿಯಬೇಕು. ಫ್ರಿಜ್ ಇಲ್ಲದ ಕಾಲ. ಆದ್ದರಿಂದ ಬ್ರೂವರಿಯವರು ಊರ ಹೊರಗಿನ ಗುಡ್ಡಗಳಲ್ಲಿ ಸುರಂಗ ಕೊರೆದರು, ನೆಲ ಬಿಸಿಯಾಗದಿರಲಿ ಅಂತ ಮೇಲೆ ದಟ್ಟ ನೆರಳಿನ ಮರ ನೆಟ್ಟರು. ಬಿಯರ್ ಕೆಳಗೆ, ನೆರಳು ಮೇಲೆ. ಜನ ಅಲ್ಲಿಗೇ ಬಂದು ಕೂತರು. 1870ರ ದಶಕದಲ್ಲಿ ಕಾರ್ಲ್ ಫಾನ್ ಲಿಂಡೆ ಕೂಲಿಂಗ್ ಯಂತ್ರ ಕಂಡುಹಿಡಿದ ಮೇಲೆ ಸುರಂಗಗಳ ಕೆಲಸ ಕಡಿಮೆಯಾಯಿತು. ಮರಗಳೂ ಬೆಂಚುಗಳೂ ಉಳಿದವು. ಮ್ಯೂನಿಕ್‌ನವರು ಬಿಯರ್‌ಗಾರ್ಟನ್ ಅನ್ನುವುದನ್ನೇ ಫ್ರಾಂಕೋನಿಯಾದವರು ಕೆಲ್ಲರ್ ಅನ್ನುತ್ತಾರೆ. ಮಳೆ ಬಂದರೆ ಮುಚ್ಚುತ್ತಾರೆ. ಹವಾಮಾನ ಚೆನ್ನಾಗಿದ್ದರೆ ಮಧ್ಯಾಹ್ನದಿಂದ ರಾತ್ರಿಯವರೆಗೆ ತೆರೆದಿರುತ್ತದೆ, ಜೂನ್‌ನಲ್ಲಿ ರಾತ್ರಿ ಒಂಬತ್ತೂವರೆವರೆಗೂ ಬೆಳಕಿರುತ್ತದೆ.

ಎರ್ಲಾಂಗನ್‌ನಿಂದ ಉತ್ತರಕ್ಕೆ ಬಾಂಬರ್ಗ್ ಕಡೆ ಹೋಗುವ ರೈಲಿನಲ್ಲೇ ನಡುವೆ ಫೋರ್ಖ್‌ಹೈಮ್ ಸಿಗುತ್ತದೆ. ಅಲ್ಲಿ ಊರ ಹೊರಗಿನ ಕಾಡಿನಲ್ಲಿ ಕೆಲ್ಲರ್‌ವಾಲ್ಡ್ ಅಂತ ಇದೆ: ಒಂದೇ ಗುಡ್ಡದಲ್ಲಿ ಇಪ್ಪತ್ತಕ್ಕೂ ಹೆಚ್ಚು ಕೆಲ್ಲರ್‌ಗಳು, ಮರಗಳ ನಡುವೆ, ಮೇಲೆ ಕೆಳಗೆ ಹರಡಿಕೊಂಡಿವೆ. ಜುಲೈ ಕೊನೆಗೆ ನಡೆಯುವ ಅನ್ನಾಫೆಸ್ಟ್ ಹೊತ್ತಿಗೆ ಎಲ್ಲವೂ ತೆರೆಯುತ್ತವೆ. ಜೂನ್‌ನಲ್ಲಿ ಕೆಲವು ಮಾತ್ರ, ಆದರೆ ಆ ಕೆಲವೇ ಸಾಕು. ಸ್ಟೇಷನ್‌ನಿಂದ ಅರ್ಧ ಗಂಟೆ ಹೆಚ್ಚು ಕಡಿಮೆ ನಡಿಗೆ. ವಾರದ ದಿನ ಆಫೀಸ್ ಬಿಟ್ಟ ಮೇಲೂ ಹೋಗಿ ಬರಬಹುದು.

ಮೊದಲ ಶನಿವಾರ ಪೂರ್ತಿ ಬಾಂಬರ್ಗ್‌ಗೆ ಇಡಿ. ಹಳೆಯ ಪಟ್ಟಣ ಇಡೀ ಯುನೆಸ್ಕೋ ಪಟ್ಟಿಯಲ್ಲಿದೆ, ನೋಡಲು ಬೇಕಾದಷ್ಟಿದೆ, ಆದರೆ ನೀವು ಕೇಳಿದ್ದು ಬಿಯರ್. ಇಲ್ಲಿ ಎಲ್ಲರೂ ಹೇಳುವ ಹೆಸರು ಷ್ಲೆಂಕರ್ಲಾ. ಪ್ರವಾಸಿಗರು ಹೋಗುವ ಜಾಗವೇ, ಆದರೂ ಹೋಗಿ. ಊರಿನವರೂ ಬಿಡದೆ ಬರುವ ಜಾಗ ಅದು. ಅಲ್ಲಿ ಸಿಗುವುದು ರೌಖ್‌ಬಿಯರ್, ಹೊಗೆಯ ಬಿಯರ್. ಮೊಳಕೆ ಬರಿಸಿದ ಬಾರ್ಲಿಯನ್ನು, ಅಂದರೆ ಮಾಲ್ಟನ್ನು, ಬೀಚ್ ಮರದ ಸೌದೆಯ ಬೆಂಕಿಯ ಮೇಲೆ ಒಣಗಿಸುತ್ತಾರೆ, ಹೊಗೆ ಕಾಳಿಗೆ ಹಿಡಿಯುತ್ತದೆ. ಹಿಂದೆ ಬೇರೆ ದಾರಿಯೇ ಇಲ್ಲದ್ದರಿಂದ ಎಷ್ಟೋ ಕಡೆ ಬಿಯರಿಗೆ ಹೊಗೆ ವಾಸನೆ ಇರುತ್ತಿತ್ತು. ಬಿಸಿಗಾಳಿಯಲ್ಲಿ ಒಣಗಿಸುವ ವಿಧಾನ ಬಂದ ಮೇಲೆ ಎಲ್ಲರೂ ಅದಕ್ಕೆ ಬದಲಾದರು. ಬಾಂಬರ್ಗ್‌ನ ಎರಡು ಮನೆಗಳು, ಷ್ಲೆಂಕರ್ಲಾ ಮತ್ತು ಷ್ಪೆಟ್ಸಿಯಾಲ್, ಬದಲಾಗಲಿಲ್ಲ. ಇವತ್ತಿಗೂ ಇಬ್ಬರೂ ತಮ್ಮ ಮಾಲ್ಟನ್ನು ತಾವೇ ಸೌದೆ ಉರಿಸಿ ತಯಾರಿಸುತ್ತಾರೆ.

ಷ್ಲೆಂಕರ್ಲಾದ ಒಳಗೆ ಕಪ್ಪಗಾದ ಮರದ ತೊಲೆಗಳು, ಉದ್ದ ಮೇಜುಗಳು. ಬಿಯರ್ ಬರುವುದು ಮರದ ಪೀಪಾಯಿಯಿಂದ. ಪಂಪ್ ಇಲ್ಲ, ಗ್ಯಾಸ್ ಒತ್ತಡ ಇಲ್ಲ, ನಲ್ಲಿ ತಿರುಗಿಸಿದರೆ ತನ್ನ ಭಾರಕ್ಕೆ ತಾನೇ ಇಳಿಯುತ್ತದೆ. ಗ್ಲಾಸಿನಲ್ಲಿ ಗಾಢ ಕಂದು ಬಣ್ಣ, ಮೇಲೆ ಕೆನೆಯಂಥ ನೊರೆ. ಮೂಗಿನ ಹತ್ತಿರ ತಂದ ಕೂಡಲೇ ಮಲೆನಾಡಿನ ಮನೆಯ ಬಚ್ಚಲೊಲೆ ಮುಂದೆ ಕೂತ ಹಾಗೆ ಆಗುತ್ತದೆ. ಮೊದಲ ಗುಟುಕಿಗೆ ಹೊಗೆ ಬಿಟ್ಟು ಬೇರೇನೂ ಗೊತ್ತಾಗುವುದಿಲ್ಲ, ಅಲ್ಲಿಗೇ ಗ್ಲಾಸ್ ಕೆಳಗಿಟ್ಟು ಇದು ನನಗಾಗದು ಅನ್ನುವವರು ಬಹಳ ಜನ. ದಯವಿಟ್ಟು ಹಾಗೆ ಮಾಡಬೇಡಿ. ಅರ್ಧ ಗ್ಲಾಸ್ ದಾಟುವ ಹೊತ್ತಿಗೆ ನಾಲಿಗೆ ಹೊಗೆಗೆ ಒಗ್ಗುತ್ತದೆ, ಅದರ ಹಿಂದಿನ ಮಾಲ್ಟ್‌ನ ಸಿಹಿ ಕಹಿ ಎರಡೂ ಮುಂದಕ್ಕೆ ಬರುತ್ತವೆ. ಎರಡನೇ ಗ್ಲಾಸಿಗೆ ಅದೇ ಬೇಕು ಅನ್ನಿಸುತ್ತದೆ. ಹೊಗೆ ತೀರಾ ಬೇಡ ಅನ್ನುವವರಿಗೆ ಅವರದೇ ಹೆಲ್ಲೆಸ್, ಅಂದರೆ ತಿಳಿ ಬಣ್ಣದ ಲಾಗರ್, ಇದೆ. ಅದರಲ್ಲಿ ಹೊಗೆ ಹಿಡಿಸಿದ ಮಾಲ್ಟ್ ಹಾಕುವುದಿಲ್ಲ. ಆದರೂ ಅದೇ ಕಡಾಯಿ, ಅದೇ ಯೀಸ್ಟ್ ಬಳಸುವುದರಿಂದ ತೆಳುವಾಗಿ ಹೊಗೆಯ ನೆರಳು ಬಂದೇ ಬರುತ್ತದೆ. ಸಸ್ಯಾಹಾರಿಗಳಲ್ಲಿ ಕೆಲವರಿಗೆ ಈ ವಾಸನೆ ಮಾಂಸ ನೆನಪಿಸುತ್ತದೆ ಅನ್ನುವ ಕಷ್ಟ ಇದೆ, ನಿಮ್ಮ ಸಹೋದ್ಯೋಗಿಗೆ ಮೊದಲೇ ಹೇಳಿಬಿಡಿ. ಬಿಯರಿನಲ್ಲಿ ಮಾಂಸದ್ದೇನೂ ಇಲ್ಲ, ಸೌದೆಯ ಹೊಗೆ ಅಷ್ಟೇ.

ಷ್ಲೆಂಕರ್ಲಾ ಒಂದನ್ನೇ ನೋಡಿ ರೈಲು ಹತ್ತಿ ವಾಪಸ್ ಬರುವವರನ್ನು ಕಂಡರೆ ನನಗೆ ಬೇಸರವಾಗುತ್ತದೆ. ರೈಲ್ವೆ ಸ್ಟೇಷನ್‌ನಿಂದ ಹಳೇ ಪಟ್ಟಣಕ್ಕೆ ನಡೆಯುವ ದಾರಿಯಲ್ಲೇ, ಓಬರೆ ಕ್ಯೋನಿಗ್‌ಸ್ಟ್ರಾಸೆಯಲ್ಲಿ, ಷ್ಪೆಟ್ಸಿಯಾಲ್ ಇದೆ. 1536ರ ಮನೆ. ಇಲ್ಲಿನ ಹೊಗೆ ಮೆದು. ಮೊದಲ ಸಲ ಕುಡಿಯುವವರು ಇಲ್ಲಿಂದ ಶುರು ಮಾಡಿ ಆಮೇಲೆ ಷ್ಲೆಂಕರ್ಲಾಗೆ ಹೋದರೆ ಎರಡೂ ಚೆನ್ನಾಗಿ ಅರ್ಥವಾಗುತ್ತವೆ. ಅದರ ಎದುರಿಗೇ, ರಸ್ತೆ ದಾಟಿದರೆ, ಫೆಸ್ಲಾ. 1649ರದ್ದು. ಹೊಗೆ ಇಲ್ಲದ ಲಾಗರ್. ಫೆಸ್ಲಾದ ಬಾಗಿಲು ತಳ್ಳಿ ಒಳಗೆ ಹೋದ ಕೂಡಲೇ ಸಿಗುವ ಕಲ್ಲುಹಾಸಿನ ನಡುಮನೆಯಂಥ ಜಾಗಕ್ಕೆ ಷ್ವೆಮ್ ಅನ್ನುತ್ತಾರೆ. ಅಲ್ಲಿ ಗೋಡೆಯಲ್ಲಿ ಒಂದು ಕಿಟಕಿ, ಅದರ ಮೂಲಕ ಬಿಯರ್ ಕೊಡುತ್ತಾರೆ. ಊರಿನವರು ಮಾರ್ಕೆಟ್ ಚೀಲ ಕಾಲ ಹತ್ತಿರ ಇಟ್ಟುಕೊಂಡು, ನಿಂತೇ ಒಂದು ಗ್ಲಾಸ್ ಮುಗಿಸಿ, ನಾಲ್ಕು ಮಾತಾಡಿ ಮನೆಗೆ ಹೋಗುತ್ತಾರೆ. ಒಳಗಿನ ಮೇಜಿಗೆ ಹೋಗದೆ ಅಲ್ಲೇ ನಿಲ್ಲಿ. ಮಾತಾಡಿಸದೆ ಬಿಡುವುದಿಲ್ಲ. ಈ ಎರಡು ಮನೆಗಳಲ್ಲೂ ಮೇಲೆ ಉಳಿದುಕೊಳ್ಳಲು ರೂಮುಗಳಿವೆ, ಮೊದಲೇ ಬುಕ್ ಮಾಡಿದರೆ ಕೊನೆಯ ರೈಲಿನ ಯೋಚನೆ ಇರುವುದಿಲ್ಲ.

ಊರಿನ ಇನ್ನೊಂದು ಬದಿ ವುಂಡರ್‌ಬುರ್ಗ್ ಅನ್ನುವ ಬಡಾವಣೆಯಲ್ಲಿ ಮಾರ್ಸ್ ಬ್ರೊಯ್ ಮತ್ತು ಕೀಸ್‌ಮನ್ ಎದುರುಬದುರು ಇವೆ. ಮಾರ್ಸ್‌ನಲ್ಲಿ 'ಊ' ಅಂದರೆ ಸಾಕು, ಅವರ ಉನ್‌ಗೆಷ್ಪುಂಡೆಟ್ ಬಿಯರ್ ಬರುತ್ತದೆ. ಪೀಪಾಯಿಯ ಬಿರಡೆ ಬಿಗಿಯದೆ ಹದಕ್ಕೆ ಬಿಟ್ಟ ಬಿಯರ್ ಅದು, ಗ್ಯಾಸ್ ತೀರಾ ಕಡಿಮೆ, ಹೊಟ್ಟೆ ಉಬ್ಬುವುದಿಲ್ಲ. ಕೀಸ್‌ಮನ್‌ನಲ್ಲಿ ಪಿಲ್ಸ್ ಕುಡಿಯಿರಿ. ಸಂಜೆಗೆ ಗುಡ್ಡ ಹತ್ತಿ ಷ್ಪೆಟ್ಸಿಯಾಲ್ ಕೆಲ್ಲರ್‌ಗೆ ಹೋಗಿ, ಅಲ್ಲಿಂದ ಇಡೀ ಊರು, ಕೆಥೆಡ್ರಲ್‌ನ ನಾಲ್ಕು ಗೋಪುರಗಳು ಕಾಣುತ್ತವೆ. ಒಂದೇ ದಿನಕ್ಕೆ ಇದೆಲ್ಲ ಜಾಸ್ತಿ ಅನ್ನಿಸಿದರೆ ಎರಡು ಮೂರು ಆರಿಸಿಕೊಳ್ಳಿ. ಇಲ್ಲಿ ಕೊಡುವುದು ಅರ್ಧ ಲೀಟರಿನ ಲೆಕ್ಕದಲ್ಲಿ, ಸೈಡ್ಲಾ ಅನ್ನುತ್ತಾರೆ. ಪ್ರತಿ ಮನೆಯಲ್ಲೂ ಒಂದರಂತೆ ಕುಡಿದರೂ ಸಂಜೆಗೆ ಎರಡು ಲೀಟರ್ ದಾಟುತ್ತದೆ. ನಡುವೆ ಊಟ ಮಾಡಿ, ನೀರು ಕುಡಿಯಿರಿ.

ನ್ಯೂರೆಂಬರ್ಗ್ ಹತ್ತಿರದಲ್ಲೇ ಇದೆ, ಒಂದು ಸಂಜೆ ಸಾಕು. ಕೋಟೆಯ ಕೆಳಗೆ ಆಲ್ಟ್‌ಷ್ಟಾಟ್‌ಹೋಫ್ ಅನ್ನುವ ಬ್ರೂವರಿ ಕೆಂಪು ಬಿಯರ್ ಮಾಡುತ್ತದೆ. ಅದರ ಅಡಿಯಲ್ಲಿ ಮರಳುಗಲ್ಲಿನಲ್ಲಿ ಕೊರೆದ ನೆಲಮಾಳಿಗೆಗಳನ್ನು ಗೈಡ್ ಜೊತೆ ನೋಡಬಹುದು. ಬಿಯರ್ ತಯಾರಿಸಿ ಮಾರುವವರು ಸ್ವಂತ ನೆಲಮಾಳಿಗೆ ಇಟ್ಟುಕೊಳ್ಳಲೇಬೇಕು, ಹತ್ತು ಅಡಿ ಆಳ, ಹದಿನಾರು ಅಡಿ ಅಗಲ ಇರಬೇಕು ಅಂತ 1380ರಲ್ಲೇ ಆ ಊರಿನಲ್ಲಿ ಕಟ್ಟಳೆ ಇತ್ತು.

ಎರಡನೇ ವಾರಾಂತ್ಯಕ್ಕೆ ಎರಡು ದಾರಿ ಇವೆ. ನಡೆಯಲು ಇಷ್ಟವಿದ್ದರೆ ಔಫ್‌ಸೆಸ್. ಸುಮಾರು 1,300 ಜನರ ಪುಟ್ಟ ಪಂಚಾಯ್ತಿ, ನಾಲ್ಕು ಬ್ರೂವರಿ. ಜನಸಂಖ್ಯೆಗೆ ಅತಿ ಹೆಚ್ಚು ಬ್ರೂವರಿ ಅಂತ ಗಿನ್ನೆಸ್ ದಾಖಲೆಗೂ ಸೇರಿತ್ತು. ರೋಟೆನ್‌ಬಾಖ್, ಷ್ಟಾಟರ್, ರೈಖೋಲ್ಡ್, ಕಾಟಿ ಬ್ರೊಯ್: ನಾಲ್ಕನ್ನೂ ಸೇರಿಸುವ ಸುಮಾರು 14 ಕಿ.ಮೀ. ಕಾಲುದಾರಿ ಹೊಲ, ಕಾಡು, ಹಳ್ಳಿಗಳ ನಡುವೆ ಸುತ್ತಿಕೊಂಡು ಬರುತ್ತದೆ. ಕಾಟಿ ಬ್ರೊಯ್‌ನಲ್ಲಿ ಭಾನುವಾರ ಮೋಟಾರ್‌ಸೈಕಲ್ಲಿನವರು ಜಾತ್ರೆ ಸೇರಿದಂತೆ ಸೇರುತ್ತಾರೆ. ಕಪ್ಪು ಬಿಯರ್, ಸರಳ ಊಟ. ತೊಂದರೆ ಏನೆಂದರೆ ಔಫ್‌ಸೆಸ್‌ಗೆ ರೈಲಿಲ್ಲ, ಬಸ್ಸೂ ಅಪರೂಪ. ಹೋಗುವ ಬಸ್ಸಿಗಿಂತ ಮೊದಲು ವಾಪಸ್ ಬರುವ ಬಸ್ಸಿನ ಸಮಯ ನೋಡಿಕೊಳ್ಳಿ.

ಇನ್ನೊಂದು ದಾರಿ ಪೂರ್ವಕ್ಕೆ, ಜೆಕ್ ಗಡಿಯ ಕಡೆ, ಓಬರ್‌ಫಾಲ್ಟ್ಸ್ ಪ್ರದೇಶದ ತ್ಸೋಯ್ಗಲ್, ಅಂದರೆ ಊರಿನ ಮನೆಗಳವರೇ ತಯಾರಿಸಿ ಕೊಡುವ ಬಿಯರ್. ನನ್ನನ್ನು ಕೇಳಿದರೆ ಇದನ್ನೇ ಆರಿಸಿ. ವಿಂಡಿಷೆಷೆನ್‌ಬಾಖ್ ಅನ್ನುವ ಊರಿದೆ, ಪಕ್ಕದಲ್ಲೇ ನೊಯ್‌ಹೌಸ್. ಇಲ್ಲಿ ಊರಿಗೆಲ್ಲ ಸೇರಿದ ಒಂದು ಬ್ರೂ ಹೌಸ್ ಇದೆ. ಹಕ್ಕಿರುವ ಮನೆಗಳವರು ಸರದಿ ಪ್ರಕಾರ ಅಲ್ಲಿಗೆ ಬಂದು, ಸೌದೆ ಹಾಕಿ, ದೊಡ್ಡ ಕಡಾಯಿಯಲ್ಲಿ ಕುದಿಸಿ, ಬೆಲ್ಲದ ಬಣ್ಣದ ಆ ರಸವನ್ನು ಟ್ಯಾಂಕರಿನಲ್ಲಿ ತಮ್ಮ ಮನೆಗೆ ಒಯ್ಯುತ್ತಾರೆ. ಹುದುಗು ಹಾಕುವುದು, ಹದಕ್ಕೆ ಬಿಡುವುದು ಅವರವರ ನೆಲಮಾಳಿಗೆಯಲ್ಲಿ. ಕುದಿಸುವ ಕಡಾಯಿ ಒಂದೇ ಆದರೂ ಮನೆಯಿಂದ ಮನೆಗೆ ಬಿಯರಿನ ರುಚಿ ಬೇರೆ. ಬಿಯರ್ ಸಿದ್ಧವಾದಾಗ ಆ ಮನೆಯವರು ಆರು ಮೂಲೆಯ ನಕ್ಷತ್ರವನ್ನು ಕೋಲಿಗೆ ಕಟ್ಟಿ ಹೊರಗೆ ತೂಗುಹಾಕುತ್ತಾರೆ. ಅದು ಬ್ರೂವರಿಯವರ ಹಳೆಯ ಗುರುತು, ಧರ್ಮಕ್ಕೂ ಅದಕ್ಕೂ ಸಂಬಂಧವಿಲ್ಲ. ನಕ್ಷತ್ರ ಕಂಡರೆ ಒಳಗೆ ಹೋಗಬಹುದು. ಪ್ರತಿ ಮನೆಯೂ ತಿಂಗಳಿಗೆ ಕೆಲವೇ ದಿನ ತೆರೆಯುತ್ತದೆ, ವಾರಾಂತ್ಯಕ್ಕೆ ಯಾರಾದರೂ ಒಬ್ಬರ ಸರದಿ ಇದ್ದೇ ಇರುತ್ತದೆ. ಯಾವ ವಾರ ಯಾರ ಮನೆ ಅಂತ ತ್ಸೋಯ್ಗಲ್ ಕ್ಯಾಲೆಂಡರ್ ನೆಟ್‌ನಲ್ಲಿ ಸಿಗುತ್ತದೆ, ಅದನ್ನು ನೋಡದೆ ಹೊರಡಬೇಡಿ. ವೈಡನ್‌ವರೆಗೆ ರೈಲು, ಅಲ್ಲಿಂದ ಇನ್ನೊಂದು ರೈಲಿನಲ್ಲಿ ವಿಂಡಿಷೆಷೆನ್‌ಬಾಖ್. ಅಲ್ಲಿ ಕೂತ ಮೇಲೆ ನಿಮ್ಮ ಮೇಜು ಅನ್ನುವುದು ಇರುವುದಿಲ್ಲ. ಎಲ್ಲಿ ಜಾಗ ಇದೆಯೋ ಅಲ್ಲಿ ತೂರಿಸುತ್ತಾರೆ, ಹತ್ತು ನಿಮಿಷದಲ್ಲಿ ಪಕ್ಕದವರು ನೀವು ಎಲ್ಲಿಯವರು ಅಂತ ಕೇಳಿರುತ್ತಾರೆ. ಅಲ್ಲಿ ಬಿಯರೂ ಊಟವೂ ಪಟ್ಟಣಕ್ಕಿಂತ ಅಗ್ಗ.

ಕೂರುವ ರೀತಿಯ ಬಗ್ಗೆ ಒಂದೆರಡು ಮಾತು. ಬೇರೆಯವರು ಕೂತ ಮೇಜಿನಲ್ಲಿ ಖಾಲಿ ಜಾಗ ಕಂಡರೆ 'ಇಸ್ಟ್ ಹಿಯರ್ ಫ್ರೈ?' ಅಂತ ಕೇಳಿ ಕೂರಿ, ಅದು ಅಲ್ಲಿ ಸಹಜ. ಆದರೆ ಮೇಜಿನ ಮೇಲೆ ಷ್ಟಾಮ್‌ಟಿಷ್ ಅಂತ ಫಲಕ ಇದ್ದರೆ ಅದು ಊರಿನ ಕಾಯಂ ಗಿರಾಕಿಗಳದ್ದು, ಖಾಲಿ ಇದ್ದರೂ ಕೂರಬೇಡಿ. ಚಿಯರ್ಸ್‌ಗೆ 'ಪ್ರೋಸ್ಟ್' ಅನ್ನುವಾಗ ಎದುರಿನವರ ಕಣ್ಣು ನೋಡಬೇಕು. ಇದನ್ನು ಅವರು ನಿಜವಾಗಿಯೂ ಗಮನಿಸುತ್ತಾರೆ. 'ತ್ಸಾಲೆನ್, ಬಿಟ್ಟೆ' ಅಂದರೆ ಬಿಲ್ ಬರುತ್ತದೆ. ನೋಟು ಕೊಡುವಾಗಲೇ ಟಿಪ್ಸ್ ಸೇರಿಸಿ ಒಟ್ಟು ಮೊತ್ತ ಹೇಳಿಬಿಡಿ, ಶೇ. 5ರಿಂದ 10 ಸಾಕು. ಕೈಯಲ್ಲಿ ಕ್ಯಾಶ್ ಇರಲೇಬೇಕು. ಹಳ್ಳಿಗಳಲ್ಲಿ ಕಾರ್ಡ್ ನಡೆಯದ ಜಾಗ ಇನ್ನೂ ಬೇಕಾದಷ್ಟಿವೆ. ಕೆಲ್ಲರ್‌ಗಳಲ್ಲಿ ಬಹುಪಾಲು ನೀವೇ ಕೌಂಟರಿಗೆ ಹೋಗಿ ತರಬೇಕು. ಕೆಲವು ಕಡೆ ಮಗ್‌ಗೆ ಡೆಪಾಸಿಟ್ ತಗೊಳ್ಳುತ್ತಾರೆ, ವಾಪಸ್ ಕೊಟ್ಟರೆ ಹಣವೂ ವಾಪಸ್. ಗ್ಲಾಸಿನ ಮೇಲೆ ಅಳತೆಯ ಗೆರೆ ಇರುತ್ತದೆ, ಬಿಯರ್ ಆ ಗೆರೆ ಮುಟ್ಟಿರಬೇಕು, ನೊರೆ ಅದರ ಮೇಲೆ. ರುಹೆಟಾಗ್ ಅಂತ ಬೋರ್ಡಿನಲ್ಲಿದ್ದರೆ ಆ ದಿನ ರಜೆ, ಹೆಚ್ಚಿನ ಕಡೆ ಸೋಮವಾರ ಅಥವಾ ಮಂಗಳವಾರ. ಅಡುಗೆಮನೆ ರಾತ್ರಿ ಬೇಗ ಮುಚ್ಚುತ್ತದೆ, ಎಂಟರ ನಂತರ ಬಿಸಿ ಊಟ ಸಿಗುತ್ತದೆ ಅಂದುಕೊಳ್ಳಬೇಡಿ.

ಸಸ್ಯಾಹಾರದ ವಿಷಯ. ಹಳ್ಳಿಯ ಊಟದ ಮನೆಗಳಲ್ಲಿ ಹಂದಿ ಮಾಂಸವೇ ಮುಖ್ಯ, ಇದನ್ನು ಮೊದಲೇ ತಿಳಿದುಕೊಂಡು ಹೋದರೆ ಒಳ್ಳೆಯದು. ಆದರೆ ಹಸಿದು ಬರಬೇಕಾಗಿಲ್ಲ. ಓಬಾಟ್ಸ್‌ಡಾ ಕೇಳಿ: ಹಣ್ಣಾದ ಕ್ಯಾಮೆಂಬೆರ್ ಚೀಸಿಗೆ ಬೆಣ್ಣೆ, ಈರುಳ್ಳಿ, ಕೆಂಪು ಪ್ಯಾಪ್ರಿಕಾ ಪುಡಿ ಹಾಕಿ ಕಲಸಿರುತ್ತಾರೆ, ಬ್ರೆಡ್ ಜೊತೆ. ಬಿಯರಿಗೆ ಇದಕ್ಕಿಂತ ಒಳ್ಳೆ ಜೋಡಿ ನನಗೆ ಗೊತ್ತಿಲ್ಲ. ಕೇಸೆಷ್ಪೆಟ್ಸ್‌ಲೆ ಅಂದರೆ ಹಿಟ್ಟಿನ ಎಳೆಗಳಿಗೆ ಚೀಸ್, ಕರಿದ ಈರುಳ್ಳಿ, ಹೊಟ್ಟೆ ತುಂಬುತ್ತದೆ, ಆದರೆ ಅದರ ಹಿಟ್ಟಿಗೆ ಮೊಟ್ಟೆ ಹಾಕುತ್ತಾರೆ. ತೆಳ್ಳಗೆ ಕೊರೆದು ಉಪ್ಪು ಹಾಕಿದ ಮೂಲಂಗಿ ಸಿಗುತ್ತದೆ, ಅದು ಯಾವ ಸಂಶಯವೂ ಇಲ್ಲದ ಸಸ್ಯಾಹಾರ. ಆಲೂಗಡ್ಡೆ ಸಲಾಡ್ ವಿಷಯದಲ್ಲಿ ಮಾತ್ರ ಜಾಗ್ರತೆ, ದಕ್ಷಿಣ ಜರ್ಮನಿಯಲ್ಲಿ ಅದಕ್ಕೆ ಮಾಂಸದ ಸಾರು ಹಾಕುವುದು ವಾಡಿಕೆ. ಬ್ರೆಟ್ಸೆಲ್‌ಗೂ ಕೆಲವು ಕಡೆ ಹಂದಿ ಕೊಬ್ಬು ಸೇರಿಸುತ್ತಾರೆ. 'ಓನೆ ಫ್ಲೈಷ್, ಓನೆ ಷ್ಪೆಕ್' ಅನ್ನುವುದನ್ನು ಕಲಿತುಕೊಳ್ಳಿ, ಮಾಂಸ ಬೇಡ, ಹಂದಿಯ ಒಣಮಾಂಸದ ಚೂರೂ ಬೇಡ ಅಂತ. ಎರಡನೆಯದನ್ನು ಹೇಳದಿದ್ದರೆ ಅದು ಮಾಂಸದ ಲೆಕ್ಕಕ್ಕೇ ಬರುವುದಿಲ್ಲ ಅನ್ನುವವರಿದ್ದಾರೆ. ಎಷ್ಟೋ ಕೆಲ್ಲರ್‌ಗಳಿಗೆ ನಿಮ್ಮ ತಿಂಡಿ ನೀವೇ ಕಟ್ಟಿಕೊಂಡು ಹೋಗಬಹುದು, ಬಿಯರ್ ಮಾತ್ರ ಅಲ್ಲಿಯದೇ ಆಗಬೇಕು. ನಿಮ್ಮ ಸಹೋದ್ಯೋಗಿಗೆ ಇದೇ ಸುಲಭ: ಚಪಾತಿ, ಚಟ್ನಿಪುಡಿ, ಏನಿದ್ದರೂ ಮೇಜಿನ ಮೇಲೆ ಬಿಚ್ಚಿ ತಿನ್ನಬಹುದು. ಒಮ್ಮೆ ಕೌಂಟರಿನಲ್ಲಿ ಕೇಳಿಕೊಂಡರೆ ಸಾಕು.

ಮ್ಯೂನಿಕ್‌ಗೆ ಮತ್ತೆ ಹೋದರೆ ಹೋಫ್‌ಬ್ರೊಯ್‌ಹೌಸ್ ಬಿಟ್ಟು ಮುಖ್ಯ ಸ್ಟೇಷನ್‌ನಿಂದ ಸ್ವಲ್ಪ ದೂರ ನಡೆದು ಔಗುಸ್ಟೀನರ್ ಕೆಲ್ಲರ್‌ಗೆ ಹೋಗಿ. ಚೆಸ್ಟ್‌ನಟ್ ಮರಗಳ ಕೆಳಗೆ ಸಾವಿರಾರು ಜನ ಕೂತಿರುತ್ತಾರೆ, ಆದರೂ ಊರಿನವರದ್ದೇ ಜಾಗ. ಎಡೆಲ್‌ಷ್ಟೋಫ್ ಬಿಯರ್ ಮರದ ಪೀಪಾಯಿಯಿಂದ ಬರುತ್ತದೆ, ಹೊಸ ಪೀಪಾಯಿಗೆ ನಲ್ಲಿ ಹೊಡೆದಾಗ ಗಂಟೆ ಬಾರಿಸುತ್ತಾರೆ. ಟೇಬಲ್ ಕ್ಲಾತ್ ಹಾಸಿದ ಮೇಜಿಗೆ ವೇಟರ್ ಬರುತ್ತಾರೆ, ಬರಿ ಮರದ ಮೇಜಿನಲ್ಲಿ ನಿಮ್ಮ ಬುತ್ತಿ ಬಿಚ್ಚಬಹುದು. ಇದಕ್ಕೂ ಕಾರಣ ಇದೆ. 1812ರಲ್ಲಿ ಊರಿನ ಹೋಟೆಲಿನವರ ದೂರು ಕೇಳಿದ ಬವೇರಿಯಾದ ರಾಜ, ಬ್ರೂವರಿಯವರು ಕೆಲ್ಲರ್‌ಗಳಲ್ಲಿ ಬಿಯರ್ ಮತ್ತು ಬ್ರೆಡ್ ಮಾತ್ರ ಮಾರಬೇಕು ಅಂದ. ಜನ ಬುತ್ತಿ ತರತೊಡಗಿದರು, ಆ ರೂಢಿ ಉಳಿಯಿತು. ಅಕ್ಟೋಬರ್‌ಫೆಸ್ಟ್ ಬಗ್ಗೆ ನೀವು ಕೇಳಿಲ್ಲ, ನಾನೂ ಒತ್ತಾಯ ಮಾಡುವುದಿಲ್ಲ. 2024ರಲ್ಲೇ ಒಂದು ಲೀಟರಿನ ಬೆಲೆ ಕೆಲವು ಟೆಂಟ್‌ಗಳಲ್ಲಿ 15 ಯೂರೋ ದಾಟಿತ್ತು.

ಫ್ರಾಂಕ್‌ಫರ್ಟ್‌ನಲ್ಲಿ ವಿಮಾನ ಬದಲಿಸುವಾಗ ಅರ್ಧ ದಿನ ಸಿಕ್ಕಿದರೆ ಬಿಯರ್ ಹುಡುಕಬೇಡಿ. ಆ ಊರಿನ ಪಾನೀಯ ಸೇಬಿನ ವೈನ್, ಜಾಕ್ಸೆನ್‌ಹೌಸೆನ್ ಕಡೆ ಹೋಗಿ ಅದನ್ನೇ ಕುಡಿಯಿರಿ. ಕಲೋನ್‌ಗೆ ಹೋದರೆ ಅಲ್ಲಿನ ಕ್ಯೋಲ್ಷ್ ಬಿಯರ್, 200 ಮಿ.ಲೀ.ನ ತೆಳ್ಳನೆಯ ಗ್ಲಾಸ್. ಖಾಲಿಯಾದಂತೆಲ್ಲ ಕೇಳದೆಯೇ ಹೊಸದು ತಂದಿಟ್ಟು ಕೋಸ್ಟರ್ ಮೇಲೆ ಗೆರೆ ಎಳೆಯುತ್ತಾರೆ, ಸಾಕು ಅನ್ನಿಸಿದಾಗ ಕೋಸ್ಟರನ್ನು ಗ್ಲಾಸಿನ ಮೇಲೆ ಮುಚ್ಚಬೇಕು. ಪೆಫ್‌ಗೆನ್ ಅನ್ನುವ ಮನೆ ಒಳ್ಳೆಯದು. ಅಲ್ಲಿಂದ ಅರ್ಧ ಗಂಟೆ ರೈಲಿನ ದೂರದ ಡ್ಯುಸೆಲ್‌ಡಾರ್ಫ್‌ನಲ್ಲಿ ಕಂದು ಬಣ್ಣದ ಆಲ್ಟ್ ಬಿಯರ್, ಊರಿಗೆ ಊರೇ ಅದರ ಪರ. ಅಲ್ಲಿ ಕ್ಯೋಲ್ಷ್ ಕೇಳಬಾರದು ಅಂತ ಬೇರೆ ಹೇಳಬೇಕಾಗಿಲ್ಲ. ಅದರ ಹಳೇ ಪಟ್ಟಣಕ್ಕೆ ಹೋದರೆ ಮೊದಲು ಯೂರಿಗೆ ಅನ್ನುವ ಬ್ರೂವರಿ ನೋಡಿ.

ಓಡಾಟಕ್ಕೆ ಕಾರು ಬೇಡವೇ ಬೇಡ. ರಕ್ತದಲ್ಲಿ ಆಲ್ಕೋಹಾಲ್ ಮಿತಿ ಸಾವಿರಕ್ಕೆ 0.5, ಅಪಘಾತವಾದರೆ ಅಥವಾ ಓಡಿಸುವ ರೀತಿ ತಪ್ಪಿದ್ದರೆ 0.3ಕ್ಕೇ ಕೇಸು. ಸೈಕಲ್ಲಿಗೂ ಮಿತಿ ಇದೆ. ಎರ್ಲಾಂಗನ್, ಫೋರ್ಖ್‌ಹೈಮ್, ಬಾಂಬರ್ಗ್, ನ್ಯೂರೆಂಬರ್ಗ್ ಎಲ್ಲವೂ ವಿಜಿಎನ್ ಅನ್ನುವ ಒಂದೇ ಸಾರಿಗೆ ವ್ಯವಸ್ಥೆಯೊಳಗೆ ಬರುತ್ತವೆ. ಟಾಗೆಸ್‌ಟಿಕೆಟ್ ಪ್ಲಸ್ ಅನ್ನುವ ದಿನದ ಟಿಕೆಟ್ ತಗೊಂಡರೆ ಇಬ್ಬರು ದೊಡ್ಡವರಿಗೆ ಒಂದೇ ಟಿಕೆಟ್, ಶನಿವಾರ ತಗೊಂಡದ್ದು ಭಾನುವಾರಕ್ಕೂ ನಡೆಯುತ್ತದೆ. ದೂರ ಹೋಗುವ ದಿನ ಬವೇರಿಯಾ ಪೂರ್ತಿಗೆ ನಡೆಯುವ ಬಯರ್ನ್ ಟಿಕೆಟ್ ನೋಡಿ, ವಾರದ ದಿನಗಳಲ್ಲಿ ಬೆಳಿಗ್ಗೆ ಒಂಬತ್ತರ ನಂತರ ಮಾತ್ರ ಅದು ಚಲಾವಣೆ. ಇಬ್ಬರಲ್ಲಿ ಒಬ್ಬರಿಗೆ ಕುಡಿಯುವ ಮನಸ್ಸಿಲ್ಲದ ದಿನ ಆಲ್ಕೋಹಾಲ್ ಇಲ್ಲದ ಗೋಧಿ ಬಿಯರ್ ಕೇಳಿ, ಜರ್ಮನಿಯಲ್ಲಿ ಅದನ್ನು ಶ್ರದ್ಧೆಯಿಂದ ಮಾಡುತ್ತಾರೆ.

ಕೊನೆಗೆ ಬಾಟಲಿಗಳು. ಭಾರತಕ್ಕೆ ಬರುವವರು ಸುಂಕವಿಲ್ಲದೆ ಎರಡು ಲೀಟರ್ ಮದ್ಯ ತರಬಹುದು, ಅಂದರೆ ಅರ್ಧ ಲೀಟರಿನ ನಾಲ್ಕು ಬಾಟಲಿ. ಆ ನಾಲ್ಕರಲ್ಲಿ ಕೆಲ್ಲರ್‌ಬಿಯರ್ ಇಡಬೇಡಿ, ಬೆಂಗಳೂರು ಮುಟ್ಟುವ ಹೊತ್ತಿಗೆ ಅದರ ತಾಜಾತನ ಹೋಗಿರುತ್ತದೆ. ಷ್ಲೆಂಕರ್ಲಾದ ಬಾಟಲಿ ತನ್ನಿ. ಹೊಗೆಯ ಬಿಯರ್ ಪ್ರಯಾಣ ತಡೆದುಕೊಳ್ಳುತ್ತದೆ, ಮಳಿಗೆಯಲ್ಲೇ ಕೊಡುತ್ತಾರೆ. ಒಂದೊಂದನ್ನೂ ಬಟ್ಟೆಯಲ್ಲಿ ಸುತ್ತಿ, ಪ್ಲಾಸ್ಟಿಕ್ ಕವರಿನೊಳಗೆ ಹಾಕಿ, ಚೆಕ್-ಇನ್ ಬ್ಯಾಗಿನ ನಡುವೆ ಇಡಿ. ಮನೆಗೆ ಬಂದ ಮೇಲೆ ಎರಡು ದಿನ ಫ್ರಿಜ್‌ನಲ್ಲಿ ನಿಲ್ಲಿಸಿಟ್ಟು, ಕುಡಿಯುವ ಹತ್ತು ನಿಮಿಷ ಮುಂಚೆ ಹೊರಗೆ ತೆಗೆಯಿರಿ. ತೀರಾ ತಣ್ಣಗಿದ್ದರೆ ಹೊಗೆ ಮಾತ್ರ ಸಿಗುತ್ತದೆ, ಮಾಲ್ಟ್ ಸಿಗುವುದಿಲ್ಲ.